ಮೈಟೋಕಾಂಡ್ರಿಯ ಅಂದರೆ ಕೈಗಾನಾ? ಪಿಯುಸಿ ಮಗಳ ಪ್ರಶ್ನೆಗೆ ಉತ್ತರ ಬೇಕು

ಕೋಡಿಬಾಗದ_ಅಮ್ಮ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಪಿಯುಸಿ ಸೈನ್ಸ್ ಸೇರಿದ್ದಾಳೆ. ಹತ್ತನೇ ತನಕ ಕನ್ನಡ ಮಾಧ್ಯಮ. ಈಗ ಜೀವಕೋಶದ ಪಾಠ ನಡೆಯುತ್ತಿದೆ. ಟ್ಯೂಷನ್ನಿನಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ. ನ್ಯೂಕ್ಲಿಯಸ್ ಅಂದರೆ ಡಿಸಿ ಆಫೀಸು, ಮೈಟೋಕಾಂಡ್ರಿಯ ಅಂದರೆ ಕೈಗಾ ವಿದ್ಯುತ್ ಸ್ಥಾವರ, ಗಾಲ್ಗಿ ಅಂದರೆ ಪೋಸ್ಟ್ ಆಫೀಸು, ಲೈಸೋಸೋಮ್ ಕಸದ ಗಾಡಿ, ರಸದಾನಿ (ವ್ಯಾಕ್ಯೂಲ್) ಗೋಡೌನು. ಇದನ್ನು ಬಾಯಿಪಾಠ ಮಾಡಿದರೆ ಸಾಕಂತೆ.

ನಿನ್ನೆ ನಾನು ದೋಸೆ ಹಿಟ್ಟು ಕಲಸುತ್ತಿದ್ದೆ. ಅವಳು ಬಂದು ಕೇಳಿದಳು. "ಅಮ್ಮಾ, ಕೋಶದಲ್ಲಿ ನಡೆಯುವುದೆಲ್ಲ ನೀರಿನಲ್ಲಿ ನಡೆಯುವ ರಸಾಯನ ಅಲ್ವಾ? ಹಾಗಾದರೆ ಈ ಹಿಟ್ಟಿನ ಹಾಗೆ ಎಲ್ಲ ಒಂದೇ ಪಾತ್ರೆಯಲ್ಲಿ ಕಲಸಿದರೆ ಏನಾಗುತ್ತದೆ? ಇಷ್ಟೊಂದು ಕೋಣೆ ಯಾಕೆ? ಬ್ಯಾಕ್ಟೀರಿಯಾ ಒಳಗೆ ಕೋಣೆಯೇ ಇಲ್ಲ, ಅದು ಬದುಕಿಲ್ವಾ?"

ನಾನು ಪಿಯುಸಿ ಓದಿ 25 ವರ್ಷ ಆಯಿತು. ಉತ್ತರ ಬರಲಿಲ್ಲ. ದಯವಿಟ್ಟು ವಿಡಿಯೋ ಲಿಂಕ್ ಹಾಕಬೇಡಿ, ಇಲ್ಲೇ ಕನ್ನಡದಲ್ಲಿ ಹೇಳಿ.

ಸದಾಶಿವಗಡ_ಗಾಳಿ | ಸೋಮವಾರ ರಾತ್ರಿ 9:52

ಬೇರೆಯದು ಗೊತ್ತಿಲ್ಲ ಅಕ್ಕ, ಡಿಸಿ ಆಫೀಸು ಮಾತ್ರ ಸರಿಯಾಗಿದೆ. ಮೂಲ ಕಡತ ಹೊರಗೆ ಬರುವುದೇ ಇಲ್ಲ. ಜೆರಾಕ್ಸ್ ಸಿಕ್ಕರೆ ನಮ್ಮ ಪುಣ್ಯ.

ಕುಮಟಾದ_ಮೇಷ್ಟ್ರು | ಸೋಮವಾರ ರಾತ್ರಿ 10:35

ಗಾಳಿ ಅವರೇ, ತಮಾಷೆಗೆ ಹೇಳಿದ್ದರೂ ಪಾಠ ಸರಿಯಾಗಿಯೇ ಹೇಳಿದ್ದೀರಿ. ಡಿಎನ್‌ಎ ನ್ಯೂಕ್ಲಿಯಸ್ ಬಿಟ್ಟು ಹೊರಗೆ ಬರುವುದಿಲ್ಲ. ಆರ್‌ಎನ್‌ಎ ಎಂಬ ನಕಲು ಪ್ರತಿ ಮಾತ್ರ ನ್ಯೂಕ್ಲಿಯಸ್‌ನ ರಂಧ್ರಗಳ ಮೂಲಕ ಆಚೆ ಹೋಗುತ್ತದೆ.

ತಂಗೀ, ಆ ಪಟ್ಟಿಯನ್ನು ನಾನೂ ವರ್ಷಾನುಗಟ್ಟಲೆ ಬರೆಸಿದ್ದೇನೆ. ಆಗ ಕೈಗಾ ಇರಲಿಲ್ಲ, ಜೋಗ ಅಂತ ಬರೆಸುತ್ತಿದ್ದೆ. ಅದರಿಂದ ಯಾವ ಕೋಣೆಯಲ್ಲಿ ಯಾವ ಕೆಲಸ ಅಂತ ತಿಳಿಯುತ್ತದೆ. ಗೋಡೆ ಯಾಕೆ ಅಂತ ತಿಳಿಯುವುದಿಲ್ಲ. ನಿಮ್ಮ ಮಗಳು ಗೋಡೆ ಬಗ್ಗೆ ಕೇಳಿದ್ದಾಳೆ. ಉತ್ತರ ಅಡುಗೆಮನೆಯಲ್ಲೇ ಇದೆ.

ಒಂದು ಈರುಳ್ಳಿ ತೆಗೆದುಕೊಳ್ಳಿ. ಇಡೀ ಗಡ್ಡೆಯನ್ನು ಎಷ್ಟು ಹೊತ್ತು ಮೂಗಿಗೆ ಹಿಡಿದರೂ ಕಣ್ಣು ಉರಿಯುವುದಿಲ್ಲ. ಚಾಕು ಬಿತ್ತೋ, ಕಣ್ಣಲ್ಲಿ ನೀರು. ಹೆಚ್ಚುವ ಮೊದಲು ಆ ಘಾಟು ಎಲ್ಲಿತ್ತು? ಎಲ್ಲೂ ಇರಲಿಲ್ಲ. ಈರುಳ್ಳಿಯ ಕೋಶದ್ರವದಲ್ಲಿ ಗಂಧಕ ಇರುವ ಒಂದು ವಸ್ತು ಇದೆ. ಅದಕ್ಕೆ ವಾಸನೆ ಇಲ್ಲ. ಅದನ್ನು ಒಡೆಯುವ ಅಲಿನೇಸ್ ಎಂಬ ಕಿಣ್ವ ಪಕ್ಕದ ರಸದಾನಿಯೊಳಗೆ ಕೂತಿದೆ. ನಡುವೆ ಇರುವುದು ರಸದಾನಿಯ ಪೊರೆ ಒಂದೇ. ಅಂಥ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರಿಗೆ ಲಕ್ಷಕ್ಕೂ ಜಾಸ್ತಿ ಬೇಕು, ಅಷ್ಟು ತೆಳು. ಚಾಕು ಅದನ್ನು ಹರಿಯುತ್ತದೆ. ಎರಡೂ ಸೇರುತ್ತವೆ. ಇನ್ನೊಂದು ಕಿಣ್ವವೂ ಕೈ ಹಾಕಿ ಕಣ್ಣುರಿಯ ಗಾಳಿ ಹುಟ್ಟುತ್ತದೆ. ಇಡೀ ಈರುಳ್ಳಿಯನ್ನು ಮೊದಲೇ ಬೇಯಿಸಿ ಆಮೇಲೆ ಹೆಚ್ಚಿ ನೋಡಿ, ಕಣ್ಣೀರು ಬರುವುದಿಲ್ಲ. ಕಾವಿಗೆ ಕಿಣ್ವ ಕೆಟ್ಟಿರುತ್ತದೆ.

ಬದನೆಕಾಯಿ, ಬಾಳೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತೇವಲ್ಲ, ಅದೂ ಇದೇ ಕಥೆ. ಫೀನಾಲ್ ವಸ್ತುಗಳು ರಸದಾನಿಯಲ್ಲಿ, ಅವನ್ನು ಕಪ್ಪು ಮಾಡುವ ಕಿಣ್ವ ಬೇರೆ ಕೋಣೆಗಳಾದ ಪ್ಲಾಸ್ಟಿಡ್‌ಗಳಲ್ಲಿ. ಗೋಡೆ ಒಡೆದು ಗಾಳಿ ಸಿಕ್ಕಿದರೆ ಕಪ್ಪು.

ಅಂದರೆ ಎಲ್ಲ ಒಂದೇ ಪಾತ್ರೆಯಲ್ಲಿ ಕಲಸಿದರೆ ಏನಾಗುತ್ತದೆ ಅನ್ನುವುದನ್ನು ನಾವು ದಿನಾ ಈಳಿಗೆಮಣೆ ಮುಂದೆ ಕೂತು ನೋಡುತ್ತಿದ್ದೇವೆ. ಒಂದಕ್ಕೊಂದು ತಾಗಬಾರದ ವಸ್ತುಗಳು ಒಂದೇ ಕೋಶದಲ್ಲಿ ಇರಬೇಕು. ಅದಕ್ಕೇ ಕೋಣೆ.

ಇನ್ನು ಬ್ಯಾಕ್ಟೀರಿಯಾ. ಅದು ಮಿಲಿಮೀಟರಿನ ಸಾವಿರದ ಒಂದೋ ಎರಡೋ ಪಾಲು ಉದ್ದ. ಪೊರೆಯ ಮೇಲೆ ನಡೆಯಬೇಕಾದ ಕೆಲಸಕ್ಕೆ ಅದರ ಹೊರಪೊರೆಯೇ ಸಾಕು. ನಮ್ಮ ಕೋಶ ಅದರ ಹತ್ತು ಪಟ್ಟೋ ಇನ್ನೂ ಜಾಸ್ತಿಯೋ ಉದ್ದ. ಉದ್ದ ಹತ್ತು ಪಟ್ಟಾದರೆ ಮೈ ನೂರು ಪಟ್ಟು, ಹೊಟ್ಟೆ ಸಾವಿರ ಪಟ್ಟು. ಹೊರಪೊರೆ ಸಾಲುವುದಿಲ್ಲ. ಯಕೃತ್ತಿನ ಕೋಶದ ಲೆಕ್ಕ ತೆಗೆದರೆ, ಅಲ್ಲಿರುವ ಒಟ್ಟು ಪೊರೆಯಲ್ಲಿ ಹೊರಪೊರೆ ಬರೀ 2 ಶೇಕಡಾದಷ್ಟು. ಉಳಿದದ್ದೆಲ್ಲ ಒಳಗೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಗಳ ಜಾಲ ಒಂದೇ ಅರ್ಧದಷ್ಟು.

ಕೋಡಿಬಾಗದ_ಅಮ್ಮ | ಮಂಗಳವಾರ ಬೆಳಿಗ್ಗೆ 7:15

ಸರ್, ಓದಿ ಹೇಳಿದೆ. ಅವಳು ಕೂಡಲೇ ಈರುಳ್ಳಿ ಹೆಚ್ಚಲು ಕೂತಳು. ಮನೆಯಲ್ಲಿ ಇದ್ದದ್ದು ನಿಮ್ಮ ಊರಿನ ಜಡೆ ಈರುಳ್ಳಿ. ಅಷ್ಟೇನೂ ಉರಿ ಬರಲಿಲ್ಲ. "ಮೇಷ್ಟ್ರು ಸುಳ್ಳು ಹೇಳಿದ್ರಾ" ಅಂತಾಳೆ!

ಕುಮಟಾದ_ಮೇಷ್ಟ್ರು | ಮಂಗಳವಾರ ಬೆಳಿಗ್ಗೆ 8:02

ಹ್ಹಹ್ಹ. ನಮ್ಮ ಈರುಳ್ಳಿ ಸಿಹಿ ಕಣಮ್ಮ. ಘಾಟು ಎಷ್ಟು ಅನ್ನುವುದು ತಳಿಯ ಮೇಲೆ, ಮಣ್ಣಿನ ಗಂಧಕದ ಮೇಲೆ ಹೋಗುತ್ತದೆ. ಹೆದ್ದಾರಿ ಬದಿಯಲ್ಲಿ ಜಡೆ ನೇತುಹಾಕಿ ಮಾರುವವರಿಗೆ ಇದು ಪಾಠ ಇಲ್ಲದೆ ಗೊತ್ತು. ಸಂತೆಯಿಂದ ಘಟ್ಟದ ಮೇಲಿನ ಕೆಂಪು ಉಳ್ಳಾಗಡ್ಡಿ ತರಿಸಿ, ಆಮೇಲೆ ನನ್ನನ್ನು ಬೈಯಿರಿ.

ಕದ್ರಾ_ಟರ್ಬೈನ್ | ಮಂಗಳವಾರ ಸಂಜೆ 6:20

ಮೇಷ್ಟ್ರೇ, ಕೈಗಾದ ಬಗ್ಗೆ ನನ್ನದೊಂದು ತಕರಾರು ಇದೆ. ನಾನು ಕಾಳಿ ಕಣಿವೆಯ ಜಲವಿದ್ಯುತ್ ಘಟಕಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಗ ಎಂಎಸ್ಸಿ ಓದುವಾಗ ಅವನ ಪುಸ್ತಕ ತಿರುವಿ ಹಾಕಿದ್ದೆ. ಒಂದು ಚಿತ್ರ ನೋಡಿ ದಂಗಾದೆ. ಇದು ನಮ್ಮ ಪವರ್‌ಹೌಸ್ ಅಲ್ವಾ ಅಂತ.

ಕೈಗಾದಲ್ಲಿ ಯುರೇನಿಯಂ ಒಡೆದು ಕಾವು ಹುಟ್ಟುತ್ತದೆ, ಕಾವಿನಿಂದ ಆವಿ, ಆವಿಯಿಂದ ಟರ್ಬೈನ್. 220 ಮೆಗಾವ್ಯಾಟಿನ ನಾಲ್ಕು ಘಟಕ. ಕೆಳಗೆ ಕದ್ರಾದಲ್ಲಿ 50 ಮೆಗಾವ್ಯಾಟಿನ ಮೂರು. ಅಲ್ಲಿ ಕಾವೂ ಇಲ್ಲ, ಆವಿಯೂ ಇಲ್ಲ. ಮೇಲೆ ನಿಂತ ನೀರು ಕೆಳಗೆ ಬೀಳುತ್ತದೆ, ಟರ್ಬೈನ್ ತಿರುಗುತ್ತದೆ. ಮೈಟೋಕಾಂಡ್ರಿಯ ಈ ಎರಡನೇ ಜಾತಿ.

ಅದಕ್ಕೆ ಎರಡು ಪೊರೆ. ಒಳಪೊರೆಯೇ ಅಣೆಕಟ್ಟಿನ ಗೋಡೆ. ನಾವು ತಿಂದ ಅನ್ನದಿಂದ ಬಿಡಿಸಿಕೊಂಡ ಎಲೆಕ್ಟ್ರಾನ್‌ಗಳು ಆ ಗೋಡೆಯಲ್ಲಿ ಕೂತಿರುವ ಪ್ರೋಟೀನ್‌ಗಳ ನಡುವೆ ಕೈಯಿಂದ ಕೈಗೆ ದಾಟುತ್ತವೆ. ಮದುವೆ ಮನೆಯಲ್ಲಿ ನೀರಿನ ಕೊಡ ದಾಟಿಸಿದ ಹಾಗೆ. ಸಾಲಿನ ಕೊನೆಗೆ ಆಮ್ಲಜನಕ ನಿಂತಿರುತ್ತದೆ. ಅದು ಎಲೆಕ್ಟ್ರಾನ್ ಹಿಡಿದು ನೀರಾಗುತ್ತದೆ. ನಾವು ಎಳೆದುಕೊಳ್ಳುವ ಉಸಿರಿನ ಹೆಚ್ಚುಪಾಲು ಆ ಕೊನೆಯ ಜಾಗಕ್ಕೇ ಹೋಗುತ್ತದೆ. ಹೀಗೆ ದಾಟುವಾಗ ಸಿಗುವ ಶಕ್ತಿಯಿಂದ ಪ್ರೋಟಾನ್‌ಗಳನ್ನು ಗೋಡೆಯ ಆಚೆಗೆ ಪಂಪ್ ಮಾಡುತ್ತಾರೆ. ಜಲಾಶಯ ತುಂಬಿತು. ಒಳಗೆ ವಾಪಸು ಬರಲು ದಾರಿ ಒಂದೇ, ಟರ್ಬೈನ್. ಅದರ ಹೆಸರು ಎಟಿಪಿ ಸಿಂಥೇಸ್. ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಮಾಡುವುದು ಅದೇ. ಹೋಲಿಕೆಗೆ ಹೇಳುತ್ತಿಲ್ಲ, ಅದು ನಿಜವಾಗಿಯೂ ತಿರುಗುತ್ತದೆ. 1997ರಲ್ಲಿ ಜಪಾನಿನವರು ಅದಕ್ಕೊಂದು ಹೊಳೆಯುವ ಎಳೆ ಅಂಟಿಸಿ, ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ಒಂದು ಸುತ್ತಿಗೆ 3 ಎಟಿಪಿ. ಹಸುವಿನ ಮೈಟೋಕಾಂಡ್ರಿಯದಲ್ಲಾದರೆ 8 ಪ್ರೋಟಾನ್ ಇಳಿದರೆ ಒಂದು ಸುತ್ತು.

ಹೆಡ್ ಎಷ್ಟು, ಅಂದರೆ ನೀರು ಬೀಳುವ ಎತ್ತರ ಎಷ್ಟು ಅಂತ ನಮ್ಮವರು ಕೇಳುತ್ತಾರೆ. ಗೋಡೆಯ ಎರಡು ಬದಿಗೆ 150ರಿಂದ 180 ಮಿಲಿವೋಲ್ಟ್ ವ್ಯತ್ಯಾಸ. ಟಾರ್ಚಿನ ಸೆಲ್ಲಿಗಿಂತ ಕಡಿಮೆ. ಆದರೆ ಗೋಡೆ ಎಷ್ಟು ತೆಳು ಅಂತ ಮೇಷ್ಟ್ರು ಹೇಳಿದರಲ್ಲ, ಆ ದಪ್ಪಕ್ಕೆ ಭಾಗಿಸಿದರೆ ಮೀಟರಿಗೆ 3 ಕೋಟಿ ವೋಲ್ಟ್ ಆಸುಪಾಸು ಬರುತ್ತದೆ. ಲೆಕ್ಕ ಮಾಡಿದ ದಿನ ನನಗೆ ಊಟ ಸೇರಲಿಲ್ಲ.

ಪ್ರೋಟಾನ್ ಕಟ್ಟೆಯ ಈ ವಿಚಾರವನ್ನು 1961ರಲ್ಲಿ ಹೇಳಿದವರು ಪೀಟರ್ ಮಿಚೆಲ್. ತುಂಬ ಜನ ನಂಬಲಿಲ್ಲ. ಅವರು ಇಂಗ್ಲೆಂಡಿನ ಒಂದು ಹಳ್ಳಿಯ ಕಡೆ ಹಳೆಯ ಬಂಗಲೆ ರಿಪೇರಿ ಮಾಡಿಸಿಕೊಂಡು ಅಲ್ಲೇ ಪ್ರಯೋಗಾಲಯ ಮಾಡಿದರು. ದನವನ್ನೂ ಸಾಕಿದ್ದರು. 1978ರಲ್ಲಿ ನೊಬೆಲ್ ಬಂತು.

ಗೋಡೆ ಸೋರಿದರೆ? ಟರ್ಬೈನ್ ನಿಲ್ಲುತ್ತದೆ, ಶಕ್ತಿಯೆಲ್ಲ ಕಾವಾಗಿ ಹೋಗುತ್ತದೆ. ಆಗ ತಾನೇ ಹುಟ್ಟಿದ ಮಕ್ಕಳ ಬೆನ್ನಿನಲ್ಲಿ ಕಂದು ಕೊಬ್ಬು ಇರುತ್ತದೆ. ಅಲ್ಲಿ ದೇಹ ಬೇಕೆಂದೇ ಗೇಟು ತೆರೆದಿಡುತ್ತದೆ. ಮಗುವಿಗೆ ಆಗ ಕರೆಂಟಿಗಿಂತ ಕಾವು ಮುಖ್ಯ.

ಹೊನ್ನಾವರ_ಹುಡುಗ | ಮಂಗಳವಾರ ಸಂಜೆ 6:48

ನೀರು ಮೇಲಕ್ಕೆ ಪಂಪ್ ಮಾಡಿ ಮತ್ತೆ ಕೆಳಗೆ ಬಿಡುವುದು ಅಂದರೆ ಅದು ಕದ್ರಾ ಅಲ್ಲ ಸರ್, ಶರಾವತಿ ಪಂಪ್ಡ್ ಸ್ಟೋರೇಜ್. ಗೇರುಸೊಪ್ಪೆಯಿಂದ ತಳಕಳಲೆಗೆ ಏರಿಸುವುದು. ಅದನ್ನು ಮಾಡಿದರೆ ಕಾಡು...

ನಿರ್ವಾಹಕ | ಮಂಗಳವಾರ ಸಂಜೆ 6:55

ಆ ವಿಷಯಕ್ಕೆ ಬೇರೆ ಚರ್ಚೆ ತೆರೆದಿದೆ, ಈಗಾಗಲೇ 400 ಪ್ರತಿಕ್ರಿಯೆ ದಾಟಿದೆ. ಇಲ್ಲಿ ಜೀವಕೋಶ ಮಾತ್ರ.

ಕದ್ರಾ_ಟರ್ಬೈನ್ | ಮಂಗಳವಾರ ಸಂಜೆ 7:10

ಜಗಳ ಬೇಡ, ಆದರೆ ಹುಡುಗ ಹೇಳಿದ್ದು ಸರಿ. ನಮ್ಮಲ್ಲಿ ನೀರು ಮೇಲಕ್ಕೆ ಏರಿಸುವುದು ಸೂರ್ಯ ಮತ್ತು ಮಳೆಗಾಲ. ಮೈಟೋಕಾಂಡ್ರಿಯಕ್ಕೆ ಮಳೆಗಾಲ ಇಲ್ಲ. ತಾನೇ ಪಂಪ್ ಮಾಡಬೇಕು.

ಬೈತಖೋಲ_ಬೋಟು | ಮಂಗಳವಾರ ರಾತ್ರಿ 8:30

ಜುಲೈ 31ರ ತನಕ ಬೋಟು ದಡದಲ್ಲಿ, ಹಾಗಾಗಿ ಎಲ್ಲ ಓದಿದೆ. ನನ್ನದೊಂದು ಪ್ರಶ್ನೆ. ಬಂಗಡೆ, ತಾರ್ಲೆಗೆ ಐಸ್ ಸಾಲದಿದ್ದರೆ ಮಾಂಸ ಮೆತ್ತಗಾಗಿ ಹೊಟ್ಟೆ ಒಡೆಯುತ್ತದೆ. ವಾಸನೆ ಬರುವ ಮೊದಲೇ ಒಡೆಯುತ್ತದೆ. ಕೊಳೆತು ಒಡೆದದ್ದಲ್ಲ ಅಂತ ನಮಗೆ ಗೊತ್ತು. ಇದೂ ನಿಮ್ಮ ಗೋಡೆ ಕಥೆಯೇನಾ?

ಲ್ಯಾಬ್_ಅಕ್ಕ_ಅಂಕೋಲಾ | ಮಂಗಳವಾರ ರಾತ್ರಿ 9:25

ಹೌದು ಅಣ್ಣ, ಅದೇ ಕಥೆ. ಹೊಟ್ಟೆ ಒಡೆಯುವುದಕ್ಕೆ ಮುಖ್ಯ ಕಾರಣ ಮೀನಿನ ಕರುಳಿನ ಜೀರ್ಣರಸ. ತಿಂದು ತುಂಬಿದ ಹೊಟ್ಟೆ ಬೇಗ ಒಡೆಯುವುದು ಅದಕ್ಕೇ. ಮಾಂಸ ಮೆತ್ತಗಾಗುವುದರಲ್ಲಿ ಲೈಸೋಸೋಮಿನ ಕೈವಾಡವೂ ಇದೆ. ಅದು ಪೊರೆ ಸುತ್ತಿದ ಸಣ್ಣ ಚೀಲ. ಒಳಗೆ ಪ್ರೋಟೀನು, ಕೊಬ್ಬು, ಸಕ್ಕರೆ, ಡಿಎನ್‌ಎ ಎಲ್ಲವನ್ನೂ ಕಡಿಯುವ ಕಿಣ್ವಗಳು. ಬದುಕಿರುವಾಗ ಹಳೆಯ ಭಾಗಗಳನ್ನು ಚೀಲದೊಳಗೆ ಹಾಕಿಕೊಂಡು ಅರಗಿಸುತ್ತದೆ. ಸತ್ತ ಮೇಲೆ ಚೀಲ ಸೋರುತ್ತದೆ. ಐಸ್ ಹಾಕಿದರೆ ಕಿಣ್ವ ನಿಧಾನ. ನೀವು ಐಸ್ ಹಾಕುವುದು ಬ್ಯಾಕ್ಟೀರಿಯಾಕ್ಕೂ ಹೌದು, ಇದಕ್ಕೂ ಹೌದು.

ಲೈಸೋಸೋಮ್ ಸಿಕ್ಕಿದ್ದೇ ಗೋಡೆ ಒಡೆದದ್ದರಿಂದ. ಬೆಲ್ಜಿಯಮಿನ ಕ್ರಿಶ್ಚಿಯನ್ ದ ದ್ಯೂವ್ ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು ಒಂದು ಕಿಣ್ವದ ಅಳತೆ ನೋಡುತ್ತಿದ್ದರು. ತಾಜಾ ಇದ್ದಾಗ ಲೆಕ್ಕಕ್ಕಿಂತ ತೀರಾ ಕಡಿಮೆ ಬಂತು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಕೆಲವು ದಿನ ಬಿಟ್ಟು ನೋಡಿದರೆ ಜಾಸ್ತಿ ಬಂತು! ಕಿಣ್ವ ಹೊಸದಾಗಿ ಹುಟ್ಟಿದ್ದಲ್ಲ. ಅದು ಯಾವುದೋ ಚೀಲದೊಳಗೆ ಮುಚ್ಚಿಕೊಂಡಿತ್ತು, ಇಟ್ಟಲ್ಲೇ ಚೀಲ ಹಾಳಾಗಿ ಹೊರಬಂತು. 1955ರಲ್ಲಿ ಲೈಸೋಸೋಮ್ ಅಂತ ಹೆಸರಿಟ್ಟರು.

ಪುಸ್ತಕದಲ್ಲಿ ಇದಕ್ಕೆ ಆತ್ಮಹತ್ಯಾ ಸಂಚಿ ಅಂತಾರೆ. ನನಗೆ ಆ ಮಾತು ಇಷ್ಟ ಇಲ್ಲ. ಲೈಸೋಸೋಮಿನ ಒಳಗೆ ಹುಳಿ, ಪಿಎಚ್ 5ರ ಹತ್ತಿರ. ಹೊರಗೆ 7.2. ಒಂದೆರಡು ಚೀಲ ಒಡೆದರೂ ಹೊರಗಿನ ನೀರಿನಲ್ಲಿ ಆ ಕಿಣ್ವಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಪೊರೆಯ ಗೋಡೆ ಒಂದು, ಹುಳಿಯ ಗೋಡೆ ಇನ್ನೊಂದು.

ಕಸದ ಗಾಡಿ ಅನ್ನುವುದೂ ಅರ್ಧ ಸತ್ಯ. ಕಸದ ಗಾಡಿ ಒಯ್ದದ್ದು ನಮಗೆ ವಾಪಸು ಬರುವುದಿಲ್ಲ. ಇದು ಹಳೆಯ ಮೈಟೋಕಾಂಡ್ರಿಯವನ್ನೂ ಬಿಚ್ಚಿ ಬಿಡಿಭಾಗ ಮತ್ತೆ ಕೋಶಕ್ಕೆ ಕೊಡುತ್ತದೆ. ಗುಜರಿ ಅಂಗಡಿ ಅಂದರೆ ಸರಿ. ಉಪವಾಸ ಬಿದ್ದಾಗ ಈ ಕೆಲಸ ಜಾಸ್ತಿ. ಯೋಶಿನೋರಿ ಓಸುಮಿ ಯೀಸ್ಟನ್ನು ಉಪವಾಸ ಕೆಡವಿ ಇದರ ಹಿಂದಿರುವ ಜೀನುಗಳನ್ನು ಹುಡುಕಿದರು, 2016ರ ನೊಬೆಲ್ ಅವರದು.

ಕೋಡಿಬಾಗದ_ಅಮ್ಮ | ಮಂಗಳವಾರ ರಾತ್ರಿ 9:50

ಗುಜರಿ ಅಂಗಡಿ ಅಂತ ಪಟ್ಟಿಯಲ್ಲಿ ತಿದ್ದಿಕೊಂಡಳು. ಗಾಲ್ಗಿ ಪೋಸ್ಟ್ ಆಫೀಸು ಪರವಾಗಿಲ್ವಾ ಅಕ್ಕ?

ಲ್ಯಾಬ್_ಅಕ್ಕ_ಅಂಕೋಲಾ | ಬುಧವಾರ ಮಧ್ಯಾಹ್ನ 1:40

ಪರವಾಗಿಲ್ಲ, ಆದರೆ ಪೋಸ್ಟಿನವರು ಕಾಗದ ಬಿಚ್ಚಿ ತಿದ್ದುವುದಿಲ್ಲ. ಗಾಲ್ಗಿ ತಿದ್ದುತ್ತದೆ.

ಸಕ್ಕರೆ ಕಾಯಿಲೆಯ ರಕ್ತ ದಿನಾ ನೋಡುವವಳು, ಇನ್ಸುಲಿನ್ ಉದಾಹರಣೆಯನ್ನೇ ಕೊಡುತ್ತೇನೆ. ಮೇದೋಜೀರಕದ ಕೋಶದಲ್ಲಿ ಪ್ರೋಟೀನ್ ಹೆಣೆಯುವ ಯಂತ್ರವಾದ ರೈಬೋಸೋಮ್ ಅದನ್ನು ಹೆಣೆಯಲು ಶುರು ಮಾಡುತ್ತದೆ. ಮೊದಲು ಹೊರಬರುವ ತುದಿಯಲ್ಲಿ ಒಂದು ಚೀಟಿ ಇರುತ್ತದೆ, ಇದು ಹೊರಗೆ ಹೋಗುವ ಮಾಲು ಅಂತ. ಆ ಚೀಟಿ ಕಂಡದ್ದೇ ರೈಬೋಸೋಮ್ ಸಮೇತ ಎಳೆದು ರೆಟಿಕ್ಯುಲಂ ಪೊರೆಗೆ ಅಂಟಿಸುತ್ತಾರೆ. ಒರಟು ರೆಟಿಕ್ಯುಲಂ ಒರಟಾಗಿ ಕಾಣುವುದು ಹೀಗೆ ಅಂಟಿದ ರೈಬೋಸೋಮುಗಳಿಂದ. ಪೂರ್ತಿ ಎಳೆ 110 ಅಮೈನೋ ಆಮ್ಲ. ಒಳಗೆ ಹೋದ ಮೇಲೆ ಚೀಟಿ ಕತ್ತರಿಸಿ 86. ಅಲ್ಲೇ ಮಡಚುತ್ತದೆ. ಗಾಲ್ಗಿ ದಾಟಿ ಹೊಸ ಚೀಲದಲ್ಲಿ ತುಂಬಿದ ಮೇಲೆ ನಡುವಿನ ತುಂಡೂ ಹೋಗಿ 51 ಉಳಿಯುತ್ತದೆ. ಅದು ಇನ್ಸುಲಿನ್. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಚೀಲ ಹೊರಪೊರೆಗೆ ಕೂಡಿಕೊಂಡು ಬಾಯಿ ಬಿಡುತ್ತದೆ.

ಆ ಚೀಟಿಯನ್ನು ಗುರುತಿಸಿದ್ದಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್. ದಾರಿ ಕಂಡುಹಿಡಿದವರು ಅದಕ್ಕೂ ಮೊದಲಿನ ಜಾರ್ಜ್ ಪಲಾಡೆ. ಗಿನಿಹಂದಿಯ ಮೇದೋಜೀರಕಕ್ಕೆ ವಿಕಿರಣ ಸೂಸುವ ಅಮೈನೋ ಆಮ್ಲ ಕೊಟ್ಟು, ಅದು ಎಲ್ಲಿ ಹೋಯಿತು ಅಂತ ಹಿಂದೆ ಬಿದ್ದರು. ಮೂರು ನಿಮಿಷಕ್ಕೆ ಒರಟು ರೆಟಿಕ್ಯುಲಂ, ಇಪ್ಪತ್ತು ನಿಮಿಷಕ್ಕೆ ಗಾಲ್ಗಿ, ಎರಡು ಗಂಟೆಗೆ ಹೊರಡಲು ಸಿದ್ಧವಾದ ಚೀಲ. ನಮ್ಮಲ್ಲಿ ಅಂಕೋಲಾದಿಂದ ಕಾರವಾರಕ್ಕೆ ಪೋಸ್ಟು ಇಷ್ಟು ಬೇಗ ಹೋಗುವುದಿಲ್ಲ.

ಕೋಡಿಬಾಗದ_ಅಮ್ಮ | ಬುಧವಾರ ರಾತ್ರಿ 8:15

ಇದು ಮಗಳು ಬರೆಯುತ್ತಿರುವುದು, ಅಮ್ಮನ ಐಡಿಯಿಂದ. ಎಲ್ಲರಿಗೂ ಥ್ಯಾಂಕ್ಸ್. ಎರಡು ಡೌಟು. ಒಂದು, ಗಿಡಕ್ಕೆ ಕ್ಲೋರೋಪ್ಲಾಸ್ಟ್ ಇದೆಯಲ್ಲ, ಹಾಗಾದರೆ ಮೈಟೋಕಾಂಡ್ರಿಯ ಇರಲ್ಲ ಅಂತ ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಬರೆದರು. ಸರಿನಾ? ಎರಡು, ಎಲ್ಲ ಕೋಶಕ್ಕೂ ಒಂದೇ ನ್ಯೂಕ್ಲಿಯಸ್ಸಾ?

ಕುಮಟಾದ_ಮೇಷ್ಟ್ರು | ಬುಧವಾರ ರಾತ್ರಿ 9:05

ಎರಡನೆಯದು ಮೊದಲು, ಅದು ಸುಲಭ. ನಮ್ಮ ಕೆಂಪು ರಕ್ತಕಣ ಬೆಳೆದ ಮೇಲೆ ನ್ಯೂಕ್ಲಿಯಸ್ಸೂ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ, ಸುಮಾರು 120 ದಿನ ಹಾಗೇ ಓಡಾಡುತ್ತದೆ. ಇನ್ನೊಂದು ಕಡೆ ಎಳನೀರು. ಅದರಲ್ಲಿ ಸಾವಿರಾರು ನ್ಯೂಕ್ಲಿಯಸ್ ನಡುವೆ ಗೋಡೆಯೇ ಇಲ್ಲದೆ ತೇಲುತ್ತವೆ. ಬಲಿತಾಗ ಗೋಡೆ ಎದ್ದು ತಿರುಳಾಗುತ್ತದೆ. ನೀನು ಸ್ಟ್ರಾ ಹಾಕಿ ಕುಡಿಯುವುದು ಕೋಣೆ ಕಟ್ಟುವ ಮುಂಚಿನ ಮನೆ.

ಅಂದ ಹಾಗೆ ನ್ಯೂಕ್ಲಿಯಸ್ ಅಂತ ಹೆಸರು ಬಂದದ್ದು 1831ರಲ್ಲಿ. ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಸಿಪ್ಪೆ ನೋಡುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ಶಿರಸಿ ಕಡೆ ಮರದ ಮೇಲೆ ಸೀತಾಳೆ ದಂಡೆ ಅರಳುತ್ತದಲ್ಲ, ಆ ಕುಟುಂಬ.

ಈಗ ಮೊದಲನೆಯದು. ಗಿಡಕ್ಕೂ ಮೈಟೋಕಾಂಡ್ರಿಯ ಇದೆ, ಇರಲೇಬೇಕು. ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಅದೂ ಹಗಲು, ಅದೂ ಹಸಿರು ಇರುವಲ್ಲಿ. ಆ ಸಕ್ಕರೆಯನ್ನು ಉರಿಸಿ ಎಟಿಪಿ ಮಾಡುವುದಕ್ಕೆ ಮೈಟೋಕಾಂಡ್ರಿಯವೇ ಬೇಕು. ರಾತ್ರಿ ಏನು ಮಾಡುತ್ತದೆ ಗಿಡ? ಬೇರಿಗೆ ಬೆಳಕೆಲ್ಲಿದೆ? ನಿಮ್ಮ ಕಾಳಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಇಳಿತದ ಹೊತ್ತಿಗೆ ಹೋಗಿ ನೋಡು. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲೆದ್ದಿರುತ್ತವೆ. ಆ ಕೆಸರಿನಲ್ಲಿ ಆಮ್ಲಜನಕ ಇಲ್ಲ. ಕದ್ರಾದವರು ಹೇಳಿದ ಎಲೆಕ್ಟ್ರಾನ್ ಸಾಲಿನ ಕೊನೆಗೆ ಆಮ್ಲಜನಕ ಇಲ್ಲದಿದ್ದರೆ ಸಾಲೇ ನಿಲ್ಲುತ್ತದೆ. ಬೇರಿನ ಮೈಟೋಕಾಂಡ್ರಿಯಕ್ಕೆ ಗಾಳಿ ಮುಟ್ಟಿಸಲು ಮರ ಮೂಗನ್ನೇ ಮೇಲಕ್ಕೆ ಎತ್ತಿದೆ.

ಶಿರಸಿ_ತೋಟದ_ಮನೆ | ಬುಧವಾರ ರಾತ್ರಿ 10:10

ನಮ್ಮಲ್ಲಿ ಮಳೆ ಬಿಟ್ಟಿಲ್ಲ. ಅಡಿಕೆಗೆ ಮೊದಲ ಸಲ ಔಷಧಿ ಹೊಡೆದಾಯಿತು, ಎರಡನೆಯದಕ್ಕೆ ಮರ ಹತ್ತುವ ಕೊನೆಗೌಡ ಸಿಗುತ್ತಿಲ್ಲ. ಜಗಲಿಯಲ್ಲಿ ಕೂತು ಇದನ್ನು ಓದುತ್ತಿದ್ದೇನೆ. ಎರಡು ಮಾತು.

ಆಯಿ ಬಿದಿರಿನ ಕಳಲೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿಟ್ಟು ದಿನಾ ನೀರು ಚೆಲ್ಲುತ್ತಿದ್ದರು. ವಿಷ ಹೋಗಲಿ ಅಂತ. ಅದೂ ಈರುಳ್ಳಿ ಹಾಗೆಯೇ ಗೋಡೆ ಒಡೆಯುವುದೋ?

ಇನ್ನೊಂದು, ಅಡಿಕೆ ಕೊಳೆ. ಅದನ್ನು ಶಿಲೀಂಧ್ರ ಅಂತಾರೆ. ಅದರ ಕೋಶದಲ್ಲೂ ಈ ನ್ಯೂಕ್ಲಿಯಸ್ಸು, ಮೈಟೋಕಾಂಡ್ರಿಯ ಎಲ್ಲ ಇದೆಯೋ? ಇದ್ದರೆ ಮೈಲುತುತ್ತ–ಸುಣ್ಣ ಅದರ ಯಾವ ಕೋಣೆಗೆ ಹೋಗಿ ಹೊಡೆಯುತ್ತದೆ?

ಕುಮಟಾದ_ಮೇಷ್ಟ್ರು | ಗುರುವಾರ ಬೆಳಿಗ್ಗೆ 6:50

ಕಳಲೆ ಹೌದು. ಇಂಥ ಗಿಡಗಳಲ್ಲಿ ಸಯನೈಡನ್ನು ಸಕ್ಕರೆಗೆ ಕಟ್ಟಿ ರಸದಾನಿಯಲ್ಲಿ ಇಟ್ಟಿರುತ್ತದೆ. ಬಿಚ್ಚುವ ಕಿಣ್ವ ಬೇರೆ ಕಡೆ. ಪ್ರಾಣಿ ಕಚ್ಚಿತೋ, ಎರಡೂ ಸೇರಿ ಸಯನೈಡ್. ಹೆಚ್ಚಿ ನೆನೆಸುವುದು ಅಂದರೆ ಬೇಕೆಂದೇ ಗೋಡೆ ಒಡೆದು, ವಿಷ ಬಿಡಿಸಿ, ನೀರಿನಲ್ಲಿ ಚೆಲ್ಲುವುದು. ಸಯನೈಡ್ ಕೊಲ್ಲುವುದು ಎಲ್ಲಿ ಗೊತ್ತೇ? ಮೈಟೋಕಾಂಡ್ರಿಯದ ಒಳಪೊರೆಯಲ್ಲಿ, ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಕೊಡುವ ಕೊನೆಯ ಕೈಯನ್ನೇ ಹಿಡಿದು ನಿಲ್ಲಿಸುತ್ತದೆ. ರಕ್ತದ ತುಂಬ ಆಮ್ಲಜನಕ ಇದ್ದರೂ ಕೋಶ ಉಸಿರು ಕಟ್ಟಿ ಸಾಯುತ್ತದೆ.

ಕೊಳೆಯ ವಿಷಯ ಸ್ವಲ್ಪ ಉದ್ದ, ಕ್ಷಮಿಸಿ. ಅದರ ಹೆಸರು ಫೈಟಾಫ್ತೊರಾ. ಶಿಲೀಂಧ್ರ ಅನ್ನುವುದು ರೂಢಿ ಅಷ್ಟೇ. ಅಣಬೆಯ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ, ಇದರದರಲ್ಲಿ ಗಿಡದ ಹಾಗೆ ಸೆಲ್ಯುಲೋಸ್. ನೆಂಟಸ್ತನ ನೋಡಿದರೆ ಅಣಬೆಗಿಂತ ಕಡಲಿನ ಕಂದು ಪಾಚಿಗೆ ಹತ್ತಿರ. ನ್ಯೂಕ್ಲಿಯಸ್, ಮೈಟೋಕಾಂಡ್ರಿಯ, ಗಾಲ್ಗಿ ಎಲ್ಲ ಇದೆ. ಅದರ ಜೊತೆಗೆ ಬಾಲ ಇದೆ. ಅಡಿಕೆ ಮೇಲೆ ನಿಂತ ಮಳೆನೀರಿನಲ್ಲಿ ಅದರ ಬೀಜಕಣಗಳು ಈಜುತ್ತವೆ. ಒಂದೊಂದಕ್ಕೆ ಎರಡು ಬಾಲ, ಒಂದು ಮುಂದೆ, ಒಂದು ಹಿಂದೆ. ಬಾಲವನ್ನು ಅಡ್ಡ ಕತ್ತರಿಸಿದರೆ ಸುತ್ತ 9 ಜೋಡಿ ಕೊಳವೆ, ನಡುವೆ 2. ನಮ್ಮ ಶ್ವಾಸನಾಳದಲ್ಲಿ ಕಫ ತಳ್ಳುವ ಕೂದಲೂ ಇದೇ ನಕ್ಷೆ. ಆ ಬಾಲವಿರುವ ಕಣಕ್ಕೆ ಕೋಶಭಿತ್ತಿ ಇಲ್ಲ, ಬರೀ ಪೊರೆ. ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಒಡೆದು ಹೋಗದಿರಲಿ ಅಂತ ಕುಗ್ಗುವ ರಸದಾನಿಯೊಂದು ನೀರನ್ನು ಹೊರಗೆ ಚೆಲ್ಲುತ್ತಿರುತ್ತದೆ, ತೂತು ದೋಣಿಯಲ್ಲಿ ಕೂತವರ ಹಾಗೆ. ಕಾಯಿಗೆ ತಾಗಿದ ಮೇಲೆ ಬಾಲ ಬಿಟ್ಟು, ಕೆಲವೇ ನಿಮಿಷದಲ್ಲಿ ಗೋಡೆ ಕಟ್ಟಿಕೊಂಡು ಮೊಳೆಯುತ್ತದೆ.

ಮೈಲುತುತ್ತದಲ್ಲಿರುವ ತಾಮ್ರ ಒಂದೇ ಕೋಣೆಗೆ ಹೋಗಿ ಹೊಡೆಯುವುದಿಲ್ಲ. ಒಳಗೆ ಹೋದ ಮೇಲೆ ಸಿಕ್ಕಸಿಕ್ಕ ಕಿಣ್ವಗಳಿಗೆಲ್ಲ ಅಂಟಿ ಕೆಡಿಸುತ್ತದೆ. ಅದಕ್ಕೇ ಇಷ್ಟು ವರ್ಷ ಹೊಡೆದರೂ ಕೊಳೆಗೆ ಅದು ಒಗ್ಗಿಲ್ಲ. ಆದರೆ ಮೊಳೆತು ಒಳಗೆ ಹೊಕ್ಕದ್ದನ್ನು ತಾಮ್ರ ಮುಟ್ಟುವುದಿಲ್ಲ, ಮಳೆ ಜೋರಾಗುವ ಮುಂಚೆ ಕಾಯಿಗೆ ಮೆತ್ತಿರಬೇಕು. ಮೆಟಲಾಕ್ಸಿಲ್ ಅನ್ನುವ ಔಷಧಿ ಇದರ ತದ್ವಿರುದ್ಧ. ಅದು ಗುರಿಯಿಟ್ಟು ಹೊಡೆಯುತ್ತದೆ. ನ್ಯೂಕ್ಲಿಯಸ್ಸಿನೊಳಗೆ ನ್ಯೂಕ್ಲಿಯೋಲಸ್ ಎಂಬ ಉಂಡೆ ಇದೆ, ರೈಬೋಸೋಮಿನ ಭಾಗಗಳು ತಯಾರಾಗುವ ಜಾಗ. ಅಲ್ಲಿ ಆರ್‌ಎನ್‌ಎ ಬರೆಯುವ ಕಿಣ್ವವನ್ನು ಅದು ನಿಲ್ಲಿಸುತ್ತದೆ. ಒಂದೇ ಗುರಿ ಇರುವುದರಿಂದ ರೋಗಾಣು ಒಗ್ಗಿಕೊಳ್ಳುವ ಅಪಾಯವೂ ಜಾಸ್ತಿ. ಯಾವುದನ್ನು ಯಾವಾಗ ಹೊಡೆಯಬೇಕು ಅಂತ ತೋಟಗಾರಿಕೆಯವರನ್ನೇ ಕೇಳಿ, ನಾನು ಬರೀ ಪಾಠ ಹೇಳುವವನು.

ಮೈಲುತುತ್ತ–ಸುಣ್ಣದ ಈ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದ್ದು, 1885ರದ್ದು. ಅಲ್ಲೂ ಎದುರಾಳಿ ಇದೇ ಗುಂಪಿನ ರೋಗಾಣು. ನಮ್ಮ ಕಡೆ ಕೊಳೆಯನ್ನು ಕೂತು ಅಭ್ಯಾಸ ಮಾಡಿದವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ.

ಶಿರಸಿ_ತೋಟದ_ಮನೆ | ಗುರುವಾರ ಬೆಳಿಗ್ಗೆ 7:30

ಐವತ್ತು ವರ್ಷದಿಂದ ಹೊಡೆಯುತ್ತಿದ್ದೇವೆ. ಅದಕ್ಕೆ ಬಾಲ ಇದೆ ಅಂತ ಇವತ್ತು ಗೊತ್ತಾಯಿತು ಮಾರಾಯ್ರೆ.

ಟ್ಯಾಗೋರ್_ಕಡಲತೀರ | ಗುರುವಾರ ಸಂಜೆ 7:05

ಈಜುವ ಮಾತು ಬಂತು ಅಂತ ಕೇಳುತ್ತೇನೆ. ಹಿಂದೊಂದು ಚಳಿಗಾಲದ ರಾತ್ರಿ ಇಲ್ಲಿ ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು. ಒದ್ದೆ ಮರಳಿನಲ್ಲಿ ಕಾಲಿಟ್ಟರೆ ಹೆಜ್ಜೆಯೂ ಮಿನುಗುತ್ತಿತ್ತು. ಅದೂ ಒಂದೇ ಕೋಶದ ಜೀವಿ ಅಂದರು. ಬೆಳಕಿಗೂ ಒಂದು ಕೋಣೆ ಇದೆಯಾ?

ಲ್ಯಾಬ್_ಅಕ್ಕ_ಅಂಕೋಲಾ | ಗುರುವಾರ ರಾತ್ರಿ 8:40

ಇದೆ! ನಮ್ಮ ಕರಾವಳಿಯಲ್ಲಿ ಹಾಗೆ ಹೊಳೆಯುವುದು ಹೆಚ್ಚಾಗಿ ನಾಕ್ಟಿಲ್ಯೂಕ. ಬೆಳಕಿನ ಕೋಣೆಗೆ ಸಿಂಟಿಲಾನ್ ಅಂತ ಹೆಸರು. ಬೆಳಕು ಕೊಡುವ ವಸ್ತು ಮತ್ತು ಕಿಣ್ವ ಆ ಕಣಗಳಲ್ಲಿ ಕೂತಿರುತ್ತವೆ, ಆದರೆ ಹುಳಿ ತಾಗುವ ತನಕ ಸುಮ್ನೆ ಇರುತ್ತವೆ. ಪಕ್ಕದ ರಸದಾನಿ ತುಂಬ ಹುಳಿ. ಅಲೆ ಬಡಿದಾಗ ರಸದಾನಿಯ ಪೊರೆಯಲ್ಲಿ ವಿದ್ಯುತ್ ಮಿಡಿತ ಓಡಿ, ಬಾಗಿಲು ತೆರೆದು, ಪ್ರೋಟಾನ್‌ಗಳು ಆ ಕಣಕ್ಕೆ ನುಗ್ಗುತ್ತವೆ. ಒಂದು ಕ್ಷಣ ಬೆಳಕು. ನೋಡಿ, ಕದ್ರಾ ಸರ್ ಹೇಳಿದ ಅದೇ ಪ್ರೋಟಾನ್. ಅಲ್ಲಿ ಟರ್ಬೈನ್ ತಿರುಗಿಸಿತು, ಇಲ್ಲಿ ದೀಪ ಹಚ್ಚಿತು.

ಇನ್ನೊಂದು ವಿಚಿತ್ರ. ಅರಬ್ಬಿ ಸಮುದ್ರದಲ್ಲಿ ಹಸಿರು ನಾಕ್ಟಿಲ್ಯೂಕವೂ ಇದೆ. ಹಸಿರು ಅದರದ್ದಲ್ಲ. ಒಳಗೆ ಸಣ್ಣ ಹಸಿರು ಪಾಚಿಗಳು ಜೀವಂತ ಈಜಾಡುತ್ತಿರುತ್ತವೆ, ಅಡುಗೆ ಮಾಡಿ ಹಾಕುತ್ತವೆ.

ಕುಮಟಾದ_ಮೇಷ್ಟ್ರು | ಗುರುವಾರ ರಾತ್ರಿ 9:30

ಇದನ್ನು ಯಾರಾದರೂ ಎತ್ತಲಿ ಅಂತ ಕಾಯುತ್ತಿದ್ದೆ. ಮೈಟೋಕಾಂಡ್ರಿಯ, ಕ್ಲೋರೋಪ್ಲಾಸ್ಟ್ ಎರಡೂ ಹೀಗೆ ಒಳಗೆ ಬಂದು ಉಳಿದ ಬಾಡಿಗೆದಾರರೇ. ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿದ್ದವು. 1967ರಲ್ಲಿ ಲಿನ್ ಮಾರ್ಗುಲಿಸ್ ಇದನ್ನು ಬಲವಾಗಿ ಮಂಡಿಸಿದಾಗ ತುಂಬ ಜನ ಒಪ್ಪಲಿಲ್ಲ. ಸಾಕ್ಷಿ ಒಳಗೇ ಇದೆ. ಮೈಟೋಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ, ಬ್ಯಾಕ್ಟೀರಿಯಾದ ಹಾಗೆ ಉಂಗುರ. ನಮ್ಮದರಲ್ಲಿ 16,569 ಅಕ್ಷರ, 37 ಜೀನು. ರೈಬೋಸೋಮೂ ಸ್ವಂತದ್ದು, ಬ್ಯಾಕ್ಟೀರಿಯಾದ ಜಾತಿಯದ್ದು. ಎರಡು ಪೊರೆ ಯಾಕೆ ಅನ್ನುವುದಕ್ಕೂ ಇದೇ ಉತ್ತರ.

ಮಗಳೇ, ನೀನು ಮೊದಲ ದಿನ ಬ್ಯಾಕ್ಟೀರಿಯಾಕ್ಕೆ ಕೋಣೆ ಇಲ್ಲ ಅಂದೆಯಲ್ಲ. ಹೌದು. ಆದರೆ ನಮ್ಮ ಮನೆಯ ಒಂದು ಕೋಣೆಯೇ ಬ್ಯಾಕ್ಟೀರಿಯಾ. ಮತ್ತೆ ಆ ಕೋಣೆ ನಿನಗೆ ಬಂದದ್ದು ಪೂರ್ತಿ ಅಮ್ಮನ ಕಡೆಯಿಂದ. ಅಪ್ಪನದು ಉಳಿಯುವುದಿಲ್ಲ.

ಕೋಡಿಬಾಗದ_ಅಮ್ಮ | ಗುರುವಾರ ರಾತ್ರಿ 9:41

ಈ ಕೊನೆಯ ಸಾಲನ್ನು ಅವರ ಅಪ್ಪನಿಗೆ ಓದಿ ಹೇಳಿದೆ 😄

ಕೋಡಿಬಾಗದ_ಅಮ್ಮ | ಹನ್ನೆರಡು ದಿನದ ನಂತರ, ರಾತ್ರಿ 8:20

ಇವತ್ತು ಯೂನಿಟ್ ಟೆಸ್ಟ್ ಪೇಪರ್ ಕೊಟ್ಟರು. "ಮೈಟೋಕಾಂಡ್ರಿಯವನ್ನು ಶಕ್ತ್ಯಾಗಾರ ಎಂದು ಏಕೆ ಕರೆಯುತ್ತಾರೆ?" ಅಂತ 5 ಮಾರ್ಕಿನ ಪ್ರಶ್ನೆ. ಇವಳು ಅಣೆಕಟ್ಟು ಬರೆದು, ಪಂಪು, ಟರ್ಬೈನ್ ಎಲ್ಲ ಹೆಸರಿಸಿ ಕೆಳಗೆ "ಕೈಗಾ ಅಲ್ಲ, ಕದ್ರಾ" ಅಂತ ಬರೆದು ಬಂದಿದ್ದಾಳೆ. 4 ಕೊಟ್ಟಿದ್ದಾರೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಚೆನ್ನಾಗಿದೆ. ಒಳಪೊರೆಯ ಮಡಿಕೆಗಳು ಎಲ್ಲಿ?"

ಕದ್ರಾ_ಟರ್ಬೈನ್ | ಅದೇ ರಾತ್ರಿ 8:45

ಆ ಒಂದು ಮಾರ್ಕು ಹೋದದ್ದು ನನ್ನಿಂದ. ಕಟ್ಟೆಗೆ ಮಡಿಕೆ ಇರುವುದಿಲ್ಲ ನೋಡಿ, ನನಗೆ ಹೊಳೆಯಲೇ ಇಲ್ಲ. ಗೋಡೆ ಮಡಚಿದಷ್ಟೂ ಉದ್ದ, ಉದ್ದ ಇದ್ದಷ್ಟೂ ಟರ್ಬೈನ್ ಜಾಸ್ತಿ. ಹೃದಯದ ಕೋಶದಲ್ಲಿ ಮಡಿಕೆ ಒತ್ತೊತ್ತಾಗಿ ಇರುತ್ತದಂತೆ. ಮಗಳಿಗೆ ಹೇಳಿ, ಮುಂದಿನ ಸಲ ಅಣೆಕಟ್ಟನ್ನು ಚಕ್ಕುಲಿ ಹಾಗೆ ಸುತ್ತಿ ಬರೆಯಲಿ.